ಅಂಗೈಯ ನಂಬರು

ಕುತಾಯಿಸಿ, ರಾತ್ರಿ ಎರಡೂ ಹತ್ತು.
ಊರು ಮಲಗಿದ ಮೇಲೇ ನಮಗೆ ಅಪ್ಪಣೆ,
ಎರಡರಿಂದ ನಾಲ್ಕು, ಅಷ್ಟರಲ್ಲಿ ಮುಗಿಸಬೇಕು.
ಹೀಟರಿನ ಒಂದೇ ಕಂಬಿ ಕೆಂಪಗಿದೆ.
ಪಕ್ಕದಲ್ಲಿ ಬದ್ರಿ ಸೂರ್ಯಕಾಂತಿ ಬೀಜ ಒಡೆಯುತ್ತ
ಸಿಪ್ಪೆಯನ್ನು ಕೀಬೋರ್ಡಿನ ಮೇಲೇ ಉಗುಳುತ್ತಾನೆ.

ದೂರು ಬಂದದ್ದು ಮೆಸ್ತಿಯಾದಿಂದ, ಮೇಲಿನ ಹಿಮದೂರು.
ಆಸ್ಪತ್ರೆಯ ಡಾಕ್ಟರು ನಾತೆಲಾ ಬರೆದಿದ್ದರು:
'ನನ್ನ ಮಾತು ಟಿಬಿಲಿಸಿಗೆ ಚೆನ್ನಾಗಿ ಕೇಳುತ್ತದಂತೆ.
ಅಲ್ಲಿಯವರ ಮಾತು ನನಗೆ ಅರ್ಧ.
ಮೊನ್ನೆ ಹೃದಯದ ಡಾಕ್ಟರು ಔಷಧಿ ಹೇಳಿದರು.
ಮಿಲಿಗ್ರಾಂ ಎಂಬುದು ಬಂತು,
ಎಷ್ಟು ಎಂಬುದು ಬರಲಿಲ್ಲ.'

ಹುಡುಕಿದೆ.
ಟಿಬಿಲಿಸಿಯ ಬಾಗಿಲಲ್ಲಿ ತಪ್ಪಿಲ್ಲ.
ಪ್ರತಿ ಪೊಟ್ಟಣಕ್ಕೂ ಅಲ್ಲಿ ಚೀಟಿ ಅಂಟಿಸುತ್ತೇವೆ:
ಯಾವ ದಾರಿ ಎನ್ನಲು ಇಪ್ಪತ್ತು ಬಿಟ್,
ಯಾರು ಮೊದಲು ಎನ್ನಲು ಮೂರೇ.
ಮೂರರಲ್ಲಿ ಎಂಟು ಅಂತಸ್ತು;
ಇಡೀ ದೇಶವನ್ನು ಅದರೊಳಗೆ ಕೂರಿಸಬೇಕು.
ದನಿಗೆ ಐದು. ಬ್ಯಾಂಕಿಗೆ ಮೂರು.
ಬತೂಮಿಯ ಕ್ಯಾಸಿನೊಗೆ ನಾಲ್ಕು, ಅದು ಮಾರಾಟದವರ ಕರಾರು.
ಯಾಕೆ ಎಂದು ಕೇಳಿದ್ದೆ, ಉತ್ತರ ಇನ್ನೂ ಬಂದಿಲ್ಲ;
ಅದಕ್ಕೆ ಸೊನ್ನೆ ಇಟ್ಟಿರಬೇಕು.
ಸಿನಿಮಾ, ಫುಟ್‌ಬಾಲು, ಬೆಕ್ಕಿನ ವಿಡಿಯೊ, ಉಳಿದದ್ದೆಲ್ಲ ಸೊನ್ನೆಯೇ.

ಪ್ರತಿ ರೌಟರೂ ಹಳೆ ಚೀಟಿ ಕಿತ್ತು ಹೊಸದು ಅಂಟಿಸುತ್ತದೆ,
ಐದನ್ನು ಮಾತ್ರ ಹಾಗೇ ದಾಟಿಸುತ್ತದೆ.
ಗೋರಿ ದಾಟಿತು, ಐದು. ಖಶೂರಿ, ಐದು.
ಇಲ್ಲಿ ನಮ್ಮ ನೆಲಮಾಳಿಗೆಯಲ್ಲೂ ಐದು.
ಜುಗ್ದಿದಿಯಲ್ಲಿ
ಚೀಟಿಯನ್ನು ಕಿತ್ತೇ ಬಿಡುತ್ತಾರೆ.
ನಿಯಮವೇ ಹಾಗೆ: ಮುಂದಿನದು ಕೊನೆಯ ನಿಲ್ದಾಣ,
ಇನ್ನೇಕೆ ಚೀಟಿ, ಕೊನೆಯವನಿಗೆ ಅಷ್ಟು ಕೆಲಸ ಉಳಿಯಲಿ
ಎಂಬ ಸೌಜನ್ಯ.
ಚೀಟಿಯ ಜೊತೆ ಐದೂ ಹೋಯಿತು.
ಅಲ್ಲಿಂದ ಮೇಲಕ್ಕೆ ಗೋಪುರದಿಂದ ಗೋಪುರಕ್ಕೆ
ಗಾಳಿಯಲ್ಲಿ ಹಾರುವ ಸಪೂರ ದಾರಿ,
ಅದರ ಬಾಯಲ್ಲಿ ಸಂಜೆಯ ನೂಕುನುಗ್ಗಲು:
ಹೃದಯದ ಡಾಕ್ಟರ ದನಿ
ಫುಟ್‌ಬಾಲಿನ ಹಿಂದೆ ನಿಂತಿದೆ.

ಬದ್ರಿ, ನನಗೂ ಒಂದಿಷ್ಟು ಬೀಜ, ಎಂದು ಕೈ ಒಡ್ಡಿದೆ.
ಅಂಗೈ ಕಂಡಿತು.

ತೊಂಬತ್ಮೂರರ ಚಳಿಗಾಲ. ನನಗೆ ಆರು.
ಕರೆಂಟಿಲ್ಲ, ಗ್ಯಾಸಿಲ್ಲ, ಇರುಳೆಲ್ಲ ಬ್ರೆಡ್ಡಿನ ಸಾಲು.
ಟಯರು ಸುಡುವ ಬೆಂಕಿ, ಮೂಗಿಗೆ ಮಸಿ ಹತ್ತಿದ ಹೆಂಗಸರು.
ಯಾರೋ ನೇರಳೆ ಪೆನ್ಸಿಲನ್ನು ನಾಲಿಗೆಗೆ ಒತ್ತಿ ಒತ್ತಿ
ಎಲ್ಲರ ಅಂಗೈಗೂ ನಂಬರು ಬರೆದರು.
ಅಜ್ಜಿ ಲಮಾರಾ ಮಂಡಿನೋವೆಂದು ಮೆಟ್ಟಿಲ ಮೇಲೆ ಕೂತು
ತನ್ನದನ್ನು ನನ್ನ ಕೈಗೆ ಬರೆಸಿದಳು,
ನೂರ ನಲವತ್ತೇಳು.
ಮುಷ್ಟಿ ಬಿಗಿದು ಕಾದೆ. ಬೆಳಗಾಯಿತು.
ನೂರ ನಲವತ್ತಾರು ಕಿಟಕಿಗೆ ಹೋದಾಗ
ಬಿಸಿ ಬ್ರೆಡ್ಡಿನ ಹಬೆ ಮುಖಕ್ಕೆ ಬಡಿದು,
ಖುಷಿಗೆ ಒಂದು ಹಿಡಿ ಹಿಮ ಎತ್ತಿಕೊಂಡೆ.
ಅಷ್ಟೇ.
ನನ್ನ ಸರದಿಗೆ ಕೈ ಬಿಚ್ಚಿದರೆ ನೇರಳೆ ನೀರು.
'ನಂಬರಿಲ್ಲವೆ? ಹಿಂದಕ್ಕೆ.'
ಇಡೀ ರಾತ್ರಿ ನನ್ನ ಮುಂದೆ ನಿಂತಿದ್ದವಳು
ಬ್ರೆಡ್ಡನ್ನು ಎದೆಗೊತ್ತಿಕೊಂಡು, ಒಮ್ಮೆ ನೋಡಿ, ಸುಮ್ಮನೆ ಹೋದಳು.
ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಮರೆಯುತ್ತಿದ್ದೆ.

ಎರಡೂ ಐವತ್ತು.
ಮೆಸ್ತಿಯಾದ ರೌಟರಿನಲ್ಲಿ ಒಂದು ಸಾಲು ಬರೆದೆ:
ಕೆಳಗಿನವನಿಗೆ ಹೇಳು, ಬರಿಗೈಯಲ್ಲಿ ಕಳಿಸಬೇಡ ಎಂದು.
ದಾರಿ ಹೇಳದ, ಊರು ಹೇಳದ
ಸೊನ್ನೆ ಚೀಟಿಯಾದರೂ ಸಾಕು,
ಮೂಲೆಯಲ್ಲಿ ಆ ಮೂರು ಬಿಟ್ ಇರಲಿ.
ಜುಗ್ದಿದಿಯಲ್ಲಿ ಐದಕ್ಕೆ ಬೇರೆ ಸಾಲು ಕಟ್ಟಿದೆ,
ನೂರಕ್ಕೆ ಹತ್ತರಷ್ಟು, ಅದರಾಚೆ ಇಲ್ಲ.
ಮುಂದೆ ನಿಲ್ಲುವವರಿಗೂ ಮಿತಿ ಇರಬೇಕು,
ಇಲ್ಲದಿದ್ದರೆ ಹಿಂದಿನವರಿಗೆ ಹಸಿವು.
(ಇದು ನನ್ನ ಉಪಮೆಯಲ್ಲ. ಕೈಪಿಡಿಯಲ್ಲಿ ಹಸಿವು ಎಂದೇ ಇದೆ.)

ಕೌಂಟರು ಸೊನ್ನೆ. ಸೊನ್ನೆ.
ಆಮೇಲೆ ಹದಿನಾಲ್ಕು, ಅರವತ್ತು, ನೂರ ಹತ್ತು.
ಈ ಹೊತ್ತಿನಲ್ಲೂ ಯಾರೋ ಬೆಟ್ಟಕ್ಕೆ ಮಾತಾಡುತ್ತಿದ್ದಾರೆ.
ಬಿದ್ದುಹೋದ ಪೊಟ್ಟಣ ಒಂದೂ ಇಲ್ಲ.
ಏನು ಮಾತೋ ನನಗೆ ಕೇಳದು, ಕೇಳಬಾರದು.
ಕ್ಯಾಸಿನೊ ನಾಲ್ಕರಲ್ಲೇ ಇದೆ; ಮುಟ್ಟಲು ಅಪ್ಪಣೆಯಿಲ್ಲ.

ಆಯಿತೇ, ಎಂದ ಬದ್ರಿ.
ಹೂಂ ಎಂದು ಕೈಯನ್ನು ಹೀಟರಿಗೆ ಹಿಡಿದೆ.
ಮುಷ್ಟಿ ಬಿಚ್ಚಲು
ಸ್ವಲ್ಪ ಹೊತ್ತು ಬೇಕಾಯಿತು.